ಹೊಸ ದವಾಖಾನೆಗೆ ರೋಗಿ ದಾಖಲೆಯ ತಂತ್ರಾಂಶ: ಯಾವುದನ್ನು, ಹೇಗೆ ಆರಿಸಬೇಕು?

ಪ್ರಶ್ನೆ ಕೇಳಿದವರು: ಜನರಲ್ ಮೆಡಿಸಿನ್ ವೈದ್ಯ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ಪತ್ನಿ ಇಬ್ಬರೂ ವೈದ್ಯರು. ಅವರದು ಸ್ತ್ರೀರೋಗ ಮತ್ತು ಪ್ರಸೂತಿ ವಿಭಾಗ. ಬರುವ ದೀಪಾವಳಿ ಪಾಡ್ಯದಂದು ಸೇಡಂ ರಸ್ತೆಯ ಕಡೆ ನಮ್ಮದೇ ಆದ ದವಾಖಾನೆಯನ್ನು ಆರಂಭಿಸುತ್ತಿದ್ದೇವೆ. ಸದ್ಯಕ್ಕೆ 6 ಹಾಸಿಗೆ, ಒಂದು ಸಣ್ಣ ಲ್ಯಾಬ್, ಒಂದು ಸೋನೋಗ್ರಫಿ ಯಂತ್ರ ಇರುತ್ತವೆ. ಮೊದಲ ದಿನದಿಂದಲೇ ರೋಗಿಗಳ ದಾಖಲೆಯನ್ನು ಕಂಪ್ಯೂಟರಿನಲ್ಲಿ ಇಡಬೇಕೆಂಬುದು ನಮ್ಮ ಆಸೆ. ಕಳೆದ ಒಂದು ತಿಂಗಳಲ್ಲಿ ನಾಲ್ಕು ಕಂಪನಿಗಳ ಪ್ರತಿನಿಧಿಗಳು ಬಂದು ತಮ್ಮ ತಮ್ಮ ತಂತ್ರಾಂಶಗಳನ್ನು ತೋರಿಸಿ ಹೋಗಿದ್ದಾರೆ. ತೋರಿಸುವಾಗ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ, ಎಲ್ಲರ ಬಳಿಯೂ ಒಂದೇ ಬಗೆಯ ಸೌಲಭ್ಯಗಳ ಪಟ್ಟಿ ಇರುತ್ತದೆ. ಹೀಗಾಗಿ ಯಾವ ಆಧಾರದ ಮೇಲೆ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಬೇಕೆಂಬುದೇ ತಿಳಿಯುತ್ತಿಲ್ಲ. ಈ ಭಾಗದಲ್ಲಿ ವರ್ಷಗಟ್ಟಲೆ ಬಳಸಿದವರು ತಮ್ಮ ಅನುಭವವನ್ನು ಬರೆದರೆ ಉಪಕಾರವಾಗುತ್ತದೆ.

ವೈದ್ಯ, ಬೀದರ

ಡಾಕ್ಟರರೇ, ನಿಮಗೆ ಮತ್ತು ನಿಮ್ಮ ಪತ್ನಿಯವರಿಗೆ ಶುಭವಾಗಲಿ. ವಯಸ್ಸಿನಲ್ಲಿ ಹಿರಿಯನಾದ ಸಲುಗೆಯಿಂದ ಒಂದು ಮಾತು ಹೇಳುತ್ತೇನೆ. ಒಂದು ತಂತ್ರಾಂಶ ಏನೇನು ಮಾಡುತ್ತದೆ ಎಂದು ಕೇಳುವ ಮೊದಲು, ಅದನ್ನು ಬಿಟ್ಟು ಹೊರಡುವ ದಿನ ನಮ್ಮ ರೋಗಿಗಳ ದಾಖಲೆ ಯಾವ ರೂಪದಲ್ಲಿ ನಮ್ಮ ಕೈಗೆ ಬರುತ್ತದೆ ಎಂದು ಕೇಳಿ.

ನಾನು ಏಳು ವರ್ಷ ಒಂದು ಕಂಪನಿಯ ತಂತ್ರಾಂಶವನ್ನು ಬಳಸಿದೆ. ಅದರ ಹೆಸರು ಇಲ್ಲಿ ಬೇಡ. ಆರಂಭದಲ್ಲಿ ಎಲ್ಲವೂ ಸುಗಮವಾಗಿತ್ತು. ಎಂಟನೆಯ ವರ್ಷ ಅವರು ಹಳೆಯ ಆವೃತ್ತಿಯನ್ನು ನಿಲ್ಲಿಸಿ, ಹೊಸದಕ್ಕೆ ಬನ್ನಿ, ದರ ಬೇರೆ ಎಂದರು. ಒಪ್ಪದೆ ಬೇರೆ ಕಡೆ ಹೋಗಲು ನಿರ್ಧರಿಸಿ ದಾಖಲೆಗಳನ್ನು ಕೇಳಿದಾಗ, ಪ್ರತಿಯೊಂದು ಭೇಟಿಗೂ ಒಂದರಂತೆ ಸಾವಿರಾರು ಪಿಡಿಎಫ್ ಕಡತಗಳನ್ನು ಒಂದು ಹಾರ್ಡ್ ಡಿಸ್ಕಿನಲ್ಲಿ ತುಂಬಿ ಕೊಟ್ಟರು. ಕಡತದ ಹೆಸರಿನಲ್ಲಿ ಅವರ ಒಳಸಂಖ್ಯೆ ಇತ್ತೇ ಹೊರತು ರೋಗಿಯ ಹೆಸರು ಇರಲಿಲ್ಲ. ಏಳು ವರ್ಷಗಳಿಂದ ನನ್ನಲ್ಲಿಗೇ ಬರುತ್ತಿದ್ದ ಮಧುಮೇಹಿಯೊಬ್ಬರ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆ) ಹೇಗೆ ಏರಿಳಿದಿದೆ ಎಂದು ನೋಡಬೇಕಾದರೆ ಇಪ್ಪತ್ತೆಂಟು ಕಡತಗಳನ್ನು ಒಂದೊಂದಾಗಿ ತೆರೆಯಬೇಕಾಗಿತ್ತು. ದಾಖಲೆ ಇತ್ತು, ಆದರೆ ನನ್ನ ಉಪಯೋಗಕ್ಕೆ ಬರುವಂತೆ ಇರಲಿಲ್ಲ. ಕೊನೆಗೆ ಇಬ್ಬರು ಹುಡುಗರನ್ನು ನಾಲ್ಕು ತಿಂಗಳು ಕೂಡಿಸಿ, ಮುಖ್ಯ ರೋಗಿಗಳ ವಿವರವನ್ನು ಕೈಯಿಂದಲೇ ಹೊಸ ತಂತ್ರಾಂಶಕ್ಕೆ ಏರಿಸಬೇಕಾಯಿತು.

ಆದ್ದರಿಂದ ಪ್ರತಿನಿಧಿ ಮುಂದೆ ಕುಳಿತಿರುವಾಗಲೇ ಹತ್ತು ಮಂದಿ ಕಲ್ಪಿತ ರೋಗಿಗಳನ್ನು, ತಲಾ ಮೂರು ಭೇಟಿ, ಔಷಧ ಮತ್ತು ಲ್ಯಾಬ್ ಫಲಿತಾಂಶಗಳ ಸಮೇತ ಸೇರಿಸಿರಿ. ಬಳಿಕ ಎಲ್ಲವನ್ನೂ ಕೋಷ್ಟಕದ ರೂಪದಲ್ಲಿ ಹೊರತೆಗೆದು ಕೊಡಲು ಹೇಳಿರಿ. ಅದು ನಿಮ್ಮ ಕಂಪ್ಯೂಟರಿನ ಎಕ್ಸೆಲ್‌ನಲ್ಲಿ ತೆರೆದುಕೊಂಡು, ಯಾವ ಸಾಲು ಯಾರದು, ಯಾವ ತಾರೀಖಿನದು ಎಂದು ನಿಮಗೇ ತಿಳಿಯುವಂತಿದ್ದರೆ ಮುಂದಿನ ಮಾತು. 'ಕೇಳಿದಾಗ ನಮ್ಮ ತಂಡ ಮಾಡಿಕೊಡುತ್ತದೆ' ಎಂಬ ಉತ್ತರವನ್ನು ಒಪ್ಪಬೇಡಿ.

ಮಕ್ಕಳ ವೈದ್ಯೆ, ಯಾದಗಿರಿ

ಬೀದರಿನ ಸರ್ ಹೇಳಿದ್ದು ಸರಿ. ಆದರೆ ಹೊರಡುವ ದಿನಕ್ಕಿಂತ ಮುಂಚೆ ದಿನನಿತ್ಯದ ಸಮಯದ ಪ್ರಶ್ನೆ ಇದೆ. ನನ್ನ ಹೊರರೋಗಿ ವಿಭಾಗಕ್ಕೆ ದಿನಕ್ಕೆ 60 ಮಕ್ಕಳು ಬರುತ್ತಾರೆ. ಒಂದೊಂದು ಮಗುವಿಗೆ ಕಂಪ್ಯೂಟರಿನಿಂದ 2 ನಿಮಿಷ ಹೆಚ್ಚಾದರೆ ದಿನಕ್ಕೆ 2 ಗಂಟೆ ಹೋಗುತ್ತದೆ, ಮತ್ತು ಆ 2 ಗಂಟೆಯನ್ನು ಹೊರಗೆ ಬಿಸಿಲಿನಲ್ಲಿ ಪಾಳಿ ಕಾಯುವ ತಾಯಂದಿರು ಕೊಡುತ್ತಾರೆ. ಅದಕ್ಕಾಗಿ ನಾನು ಅರ್ಧ ದಾರಿಯಲ್ಲಿ ನಿಂತಿದ್ದೇನೆ: ತೂಕ, ಎತ್ತರ, ಲಸಿಕೆ, ರೋಗನಿರ್ಣಯ, ಔಷಧ ಇಷ್ಟು ಮಾತ್ರ ಕಂಪ್ಯೂಟರಿಗೆ ಹೋಗುತ್ತವೆ. ಉಳಿದ ಟಿಪ್ಪಣಿಯನ್ನು ಕೈಯಿಂದ ಬರೆಯುತ್ತೇನೆ, ಸಿಬ್ಬಂದಿ ಅದರ ಚಿತ್ರ ತೆಗೆದು ದಾಖಲೆಗೆ ಸೇರಿಸುತ್ತಾರೆ.

ಮಕ್ಕಳನ್ನು ನೋಡುವವರು ಒಂದನ್ನು ಪರೀಕ್ಷಿಸಲೇಬೇಕು. ಆ ದಿನದ ತೂಕವನ್ನು ಹಾಕದೆ ಸಿರಪ್ಪಿನ ಪ್ರಮಾಣ ಬರೆಯಲು ಹೋದರೆ ತಂತ್ರಾಂಶ ತಡೆಯಬೇಕು. ಆರು ತಿಂಗಳ ಹಿಂದಿನ ತೂಕವನ್ನೇ ಸುಮ್ಮನೆ ತೆಗೆದುಕೊಂಡು ಲೆಕ್ಕ ಹಾಕುವ ತಂತ್ರಾಂಶವನ್ನು ನಾನು ಕಂಡಿದ್ದೇನೆ. ಅಂಥದ್ದಕ್ಕಿಂತ ಬರಿಯ ಕಾಗದವೇ ಸುರಕ್ಷಿತ.

ಸ್ವಾಗತ ವಿಭಾಗದ ಸಿಬ್ಬಂದಿ, ಕಲಬುರಗಿ

ನಾನು ವೈದ್ಯಳಲ್ಲ, ಸೂಪರ್ ಮಾರ್ಕೆಟ್ ಬಳಿಯ ಒಂದು ದವಾಖಾನೆಯ ಕೌಂಟರಿನಲ್ಲಿ ಹದಿನಾಲ್ಕು ವರ್ಷಗಳಿಂದ ಹೆಸರು ಬರೆದುಕೊಳ್ಳುತ್ತಿದ್ದೇನೆ. ತಂತ್ರಾಂಶವನ್ನು ಆರಿಸುವಾಗ ವೈದ್ಯರು ತಮ್ಮ ಕೋಣೆಯ ಪರದೆಯನ್ನು ಮಾತ್ರ ನೋಡುತ್ತಾರೆ. ದಾಖಲೆ ಕೆಡುವುದು ಬಹುಮಟ್ಟಿಗೆ ಕೌಂಟರಿನಲ್ಲಿ. ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ದಯವಿಟ್ಟು ಓದಿರಿ.

ಮೊದಲನೆಯದು ಹೆಸರು. ನಮ್ಮ ಕಡೆ ಶರಣಪ್ಪ, ಶರಣಬಸಪ್ಪ, ಮಲ್ಲಮ್ಮ, ನಾಗಮ್ಮ ಎಂಬ ಹೆಸರುಗಳು ಒಂದೊಂದು ಊರಿನಲ್ಲೂ ಹತ್ತಾರು. ಅದೇ ಶರಣಪ್ಪನನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಒಬ್ಬರು 'ಶ'ದ ನಂತರ ಎರಡು 'ಎ' ಹಾಕುತ್ತಾರೆ, ಒಬ್ಬರು ಒಂದು, ಇನ್ನೊಬ್ಬರು ಒಂದು 'ಪಿ'ಯನ್ನು ಬಿಡುತ್ತಾರೆ. ಹುಡುಕಿದಾಗ ಸಿಗದಿದ್ದರೆ ಗದ್ದಲದಲ್ಲಿ ಹೊಸ ದಾಖಲೆಯನ್ನೇ ತೆರೆಯುತ್ತೇವೆ. ಹೀಗೆ ಒಬ್ಬರೇ ಮನುಷ್ಯ ಮೂವರು ರೋಗಿಗಳಾಗಿಬಿಡುತ್ತಾರೆ, ಮೊದಲನೆಯ ದಾಖಲೆಯಲ್ಲಿದ್ದ 'ಪೆನಿಸಿಲಿನ್ ಅಲರ್ಜಿ' ಎಂಬ ಮಾತು ಮೂರನೆಯದರಲ್ಲಿ ಇರುವುದಿಲ್ಲ.

ಎರಡನೆಯದು ಮೊಬೈಲ್ ಸಂಖ್ಯೆ. ಕಂಪನಿಯವರು ಅದನ್ನೇ ರೋಗಿಯ ಗುರುತು ಎಂದುಕೊಳ್ಳುತ್ತಾರೆ. ಆಳಂದ, ಚಿಂಚೋಳಿ ಕಡೆಯ ಹಳ್ಳಿಗಳಿಂದ ಬರುವ ಒಂದು ಮನೆಯ ಐದು ಜನಕ್ಕೆ ಒಂದೇ ಸಂಖ್ಯೆ ಇರುತ್ತದೆ, ಅದೂ ಬೆಂಗಳೂರಿನಲ್ಲಿಯೋ ಪುಣೆಯಲ್ಲಿಯೋ ಕಟ್ಟಡ ಕೆಲಸಕ್ಕೆ ಹೋದ ಮಗನದು. ಒಂದು ಸಂಖ್ಯೆಗೆ ಹಲವು ರೋಗಿಗಳನ್ನು ಜೋಡಿಸಲು ಬರುತ್ತದೆಯೇ, ಊರು, ತಂದೆ ಅಥವಾ ಗಂಡನ ಹೆಸರು, ವಯಸ್ಸು ಇವುಗಳಿಂದಲೂ ಹುಡುಕಲು ಬರುತ್ತದೆಯೇ, ತಪ್ಪಿ ಎರಡಾದ ದಾಖಲೆಗಳನ್ನು ಒಂದಾಗಿ ಕೂಡಿಸಲು ಬರುತ್ತದೆಯೇ ಎಂದು ಕೇಳಿರಿ.

ಮೂರನೆಯದು ಹುಟ್ಟಿದ ತಾರೀಖು. ವಯಸ್ಸಾದ ಬಹಳಷ್ಟು ಜನರಿಗೆ ಅದು ಗೊತ್ತಿರುವುದಿಲ್ಲ. ತಾರೀಖು ಹಾಕದಿದ್ದರೆ ಮುಂದೆ ಹೋಗಲು ಬಿಡದ ತಂತ್ರಾಂಶದಲ್ಲಿ ನಮ್ಮ ಹಿರಿಯರೆಲ್ಲ ಜನವರಿ 1ರಂದೇ ಹುಟ್ಟಿದವರಾಗುತ್ತಾರೆ. ಆಮೇಲೆ ಆ ತಾರೀಖನ್ನು ನಂಬಿ ಯಾವುದನ್ನೂ ಹುಡುಕಲಾಗುವುದಿಲ್ಲ. 'ಸುಮಾರು 65 ವರ್ಷ' ಎಂದು ಬರೆಯಲು ಜಾಗ ಇರಬೇಕು.

ಇನ್ನು ಚೀಟಿಯ ಕನ್ನಡ. 'ಬೆಳಿಗ್ಗೆ 1, ರಾತ್ರಿ 1, ಊಟದ ನಂತರ' ಎಂದು ಕನ್ನಡದಲ್ಲಿ ಅಚ್ಚಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಪರದೆಯ ಮೇಲೆ ಸರಿಯಾಗಿ ಕಂಡದ್ದು ಅಚ್ಚಿಗೆ ಹೋದಾಗ ಒತ್ತಕ್ಷರ ಕಳಚಿ 'ರಾತ್ರಿ', 'ಮಧ್ಯಾಹ್ನ' ಎಂಬ ಪದಗಳೇ ಒಡೆದು ಬೀಳುವುದನ್ನು ನಾನು ನೋಡಿದ್ದೇನೆ. ನಿಮ್ಮ ಸ್ವಂತ ಪ್ರಿಂಟರಿನಿಂದ, ನೀವು ಬಳಸುವ ಅಳತೆಯ ಕಾಗದದ ಮೇಲೆಯೇ ಅಚ್ಚು ಹಾಕಿಸಿ ನೋಡಿ. ಕನ್ನಡ ಹೆಸರುಗಳನ್ನು ಯುನಿಕೋಡ್‌ನಲ್ಲಿಯೇ ಟೈಪ್ ಮಾಡಿಸಿ. ಹಳೆಯ ಫಾಂಟ್ ವಿನ್ಯಾಸದಲ್ಲಿ ಬರೆದದ್ದು ಬೇರೆ ಕಂಪ್ಯೂಟರಿಗೆ ಹೋದರೆ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತದೆ, ಹುಡುಕಲೂ ಬರುವುದಿಲ್ಲ.

ಪ್ರಶ್ನೆ ಕೇಳಿದವರು: ಜನರಲ್ ಮೆಡಿಸಿನ್ ವೈದ್ಯ, ಕಲಬುರಗಿ

ಅಕ್ಕಾವರೇ, ನಿಮ್ಮ ಬರಹವನ್ನು ನಾವಿಬ್ಬರೂ ಎರಡು ಸಲ ಓದಿದೆವು. ನಾಲ್ಕು ಪ್ರದರ್ಶನಗಳಲ್ಲಿ ಒಂದರಲ್ಲಿಯೂ ನಾವು ಕೌಂಟರಿನ ಪರದೆಯನ್ನು ತೆರೆಸಿ ನೋಡಿರಲಿಲ್ಲ. ಎರಡು ಪ್ರಶ್ನೆಗಳು ಉಳಿದಿವೆ. ದಾಖಲೆಯನ್ನು ಕಂಪನಿಯ ಕ್ಲೌಡ್‌ನಲ್ಲಿ ಇಡಬೇಕೋ, ನಮ್ಮದೇ ಕಂಪ್ಯೂಟರಿನಲ್ಲಿ ಇಡಬೇಕೋ? 'ನಮ್ಮದು ಎಬಿಡಿಎಂ (ಕೇಂದ್ರ ಸರ್ಕಾರದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್) ಅನುಮೋದಿತ' ಎಂದು ಎಲ್ಲರೂ ಹೇಳುತ್ತಾರೆ. ಆ ಮಾತಿಗೆ ಎಷ್ಟು ಬೆಲೆ ಕೊಡಬೇಕು?

ತಂತ್ರಾಂಶ ಎಂಜಿನಿಯರ್, ಮೂಲ ಊರು ಸುರಪುರ

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದರಲ್ಲಿಯೇ ಹೆಚ್ಚು ಗೊಂದಲವಿದೆ. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶದಾದ್ಯಂತ ಆರಂಭವಾದದ್ದು 27 ಸೆಪ್ಟೆಂಬರ್ 2021ರಂದು. ಅದರಲ್ಲಿ ರೋಗಿಗೆ 14 ಅಂಕಿಗಳ ಆಭಾ ಸಂಖ್ಯೆ, ವೈದ್ಯರಿಗೆ ಒಂದು ನೋಂದಣಿ, ದವಾಖಾನೆಗೆ ಒಂದು ನೋಂದಣಿ ಇರುತ್ತವೆ. ದಾಖಲೆಗಳೆಲ್ಲ ದೆಹಲಿಯ ಒಂದು ಕಡೆ ಹೋಗಿ ಸೇರುತ್ತವೆ ಎಂಬ ತಿಳಿವಳಿಕೆ ತಪ್ಪು. ದಾಖಲೆ ಹುಟ್ಟಿದಲ್ಲಿಯೇ ಇರುತ್ತದೆ, ರೋಗಿ ತನ್ನ ಮೊಬೈಲಿನಲ್ಲಿ ಒಪ್ಪಿಗೆ ಕೊಟ್ಟಾಗ ಮಾತ್ರ ಇನ್ನೊಂದು ದವಾಖಾನೆಗೆ ಕಾಣುತ್ತದೆ.

ಕಂಪನಿಗಳ ಜೋಡಣೆಯಲ್ಲಿ ಮೂರು ಹಂತಗಳಿವೆ. ಮೊದಲನೆಯದರಲ್ಲಿ ಆಭಾ ಸಂಖ್ಯೆಯನ್ನು ಸೃಷ್ಟಿಸುವುದು ಮತ್ತು ಪರಿಶೀಲಿಸುವುದು, ಎರಡನೆಯದರಲ್ಲಿ ನಿಮ್ಮ ದವಾಖಾನೆಯ ದಾಖಲೆಯನ್ನು ಆ ಸಂಖ್ಯೆಗೆ ಜೋಡಿಸಿ ಹಂಚುವುದು, ಮೂರನೆಯದರಲ್ಲಿ ಬೇರೆಡೆಯ ದಾಖಲೆಯನ್ನು ಒಪ್ಪಿಗೆ ಪಡೆದು ನೀವು ನೋಡುವುದು. ಮೊದಲ ಹಂತ ಮಾತ್ರ ಮುಗಿಸಿದವರೂ 'ನಮ್ಮದು ಎಬಿಡಿಎಂ' ಎನ್ನುತ್ತಾರೆ. ಮೂರೂ ಹಂತಗಳು ಆಗಿವೆಯೇ ಎಂದು ಕೇಳಿ, ನಿಮ್ಮ ಸ್ವಂತ ಆಭಾ ಸಂಖ್ಯೆಯ ಮೇಲೆಯೇ ಮಾಡಿ ತೋರಿಸಲು ಹೇಳಿ. ನಮ್ಮ ಭಾಗಕ್ಕೆ ಇದು ನಿಜಕ್ಕೂ ಮುಖ್ಯ; ಕೆಲಸಕ್ಕಾಗಿ ಆರು ತಿಂಗಳು ಹೈದರಾಬಾದಿನಲ್ಲಿ, ಆರು ತಿಂಗಳು ಊರಿನಲ್ಲಿ ಇರುವ ಕ್ಷಯರೋಗಿ ಅಥವಾ ಗರ್ಭಿಣಿಯ ದಾಖಲೆ ಅವರೊಂದಿಗೆ ಹೋಗಬೇಕು. ಹಾಗೆಂದು ಸ್ಮಾರ್ಟ್‌ಫೋನ್ ಇಲ್ಲದವರ ಕೈಗೆ ಅಚ್ಚಾದ ಚೀಟಿ ಕೊಡುವುದನ್ನು ಎಂದಿಗೂ ಬಿಡಬೇಡಿ.

ಈ ಹಂಚಿಕೆ ನಡೆಯುವುದು ಎಫ್‌ಎಚ್‌ಐಆರ್ ಎಂಬ ಸಿದ್ಧ ಮಾದರಿಯಲ್ಲಿ. ಕೇಂದ್ರ ಆರೋಗ್ಯ ಸಚಿವಾಲಯ ವಿದ್ಯುನ್ಮಾನ ಆರೋಗ್ಯ ದಾಖಲೆಗೆ ಮಾನದಂಡಗಳನ್ನು 2013ರಲ್ಲಿ ಹೊರಡಿಸಿ 2016ರಲ್ಲಿ ಪರಿಷ್ಕರಿಸಿತು. ರೋಗದ ಹೆಸರಿಗೆ ಸ್ನೋಮೆಡ್ ಸಿಟಿ ಮತ್ತು ಐಸಿಡಿ-10 ಎಂಬ ಸಂಕೇತಪಟ್ಟಿಗಳು, ಲ್ಯಾಬ್ ಪರೀಕ್ಷೆಗೆ ಲೋಯಿಂಕ್, ಸ್ಕ್ಯಾನ್ ಚಿತ್ರಗಳಿಗೆ ಡೈಕಾಮ್ ಎಂಬವು ಅದರಲ್ಲಿವೆ. ರೋಗನಿರ್ಣಯವನ್ನು ಸಂಕೇತದ ಸಮೇತ ಇಡುವ ತಂತ್ರಾಂಶವಾದರೆ, 'ಶುಗರ್', 'ಡಿಎಂ', 'ಮಧುಮೇಹ' ಎಂದು ಮೂರು ಬಗೆಯಲ್ಲಿ ಬರೆದ ರೋಗಿಗಳೂ ಹುಡುಕಿದಾಗ ಒಂದೇ ಪಟ್ಟಿಯಲ್ಲಿ ಬರುತ್ತಾರೆ. ಬೀದರಿನ ಸರ್ ಹೇಳಿದ ಹೊರದಾರಿಯ ಪ್ರಶ್ನೆಗೂ ಇದೇ ಬುನಾದಿ.

ಕ್ಲೌಡ್ ಕುರಿತು: 6 ಹಾಸಿಗೆಯ ದವಾಖಾನೆಯಲ್ಲಿ ಸ್ವಂತ ಸರ್ವರ್ ಇಟ್ಟರೆ ಅದಕ್ಕೆ ತಂಪು ಕೋಣೆ, ಯುಪಿಎಸ್, ಬ್ಯಾಕಪ್ ತೆಗೆಯುವ ಒಬ್ಬ ಮನುಷ್ಯ ಬೇಕು. ಕಲಬುರಗಿಯ ಮೇ ತಿಂಗಳ ಬಿಸಿಲಿನಲ್ಲಿ, ಧೂಳಿನಲ್ಲಿ, ಮೆಟ್ಟಿಲ ಕೆಳಗೆ ಇಟ್ಟ ಯಂತ್ರ ಬಹಳ ದಿನ ಬಾಳುವುದಿಲ್ಲ. ನನ್ನ ಒಲವು ಕ್ಲೌಡ್ ಕಡೆಗಿದೆ, ಆದರೆ ಇಂಟರ್‌ನೆಟ್ ಕಡಿದಾಗಲೂ ಆ ದಿನದ ರೋಗಿಗಳ ಪಟ್ಟಿ ಮತ್ತು ಹಿಂದಿನ ಚೀಟಿ ತೆರೆದುಕೊಳ್ಳಬೇಕು. ಪ್ರದರ್ಶನದ ನಡುವೆ ಅವರಿಗೆ ಹೇಳಿಯೇ ವೈಫೈ ಆರಿಸಿ, ಏನಾಗುತ್ತದೆಂದು ನೋಡಿ.

ವೈದ್ಯ, ಹುಮನಾಬಾದ

ಮುಕ್ತ ತಂತ್ರಾಂಶಗಳ ಮಾತೇ ಇಲ್ಲಿ ಬಂದಿಲ್ಲವಲ್ಲ. ಓಪನ್‌ಎಂಆರ್‌ಎಸ್ ಎಂಬ ಮುಕ್ತ ತಂತ್ರಾಂಶದ ಮೇಲೆ ಕಟ್ಟಿದ ಬಾಹ್ಮನಿಯನ್ನು ಛತ್ತೀಸಗಢದ ಗನಿಯಾರಿಯ ಜನ ಸ್ವಾಸ್ಥ್ಯ ಸಹಯೋಗ್ ಆಸ್ಪತ್ರೆಯಂಥ ಗ್ರಾಮೀಣ ಸಂಸ್ಥೆಯಲ್ಲಿ ಬಳಸಿದ್ದಾರೆ. ನಮ್ಮ ರೋಗಿಗಳ ದಾಖಲೆ ನಮ್ಮದೇ ದತ್ತಸಂಚಯದಲ್ಲಿ ಇರುತ್ತದೆ, ಪರವಾನಗಿ ಶುಲ್ಕವಿಲ್ಲ, ಯಾರೂ ಬಾಗಿಲು ಹಾಕಿಕೊಂಡು ಹೋಗಲಾರರು.

ತಂತ್ರಾಂಶ ಎಂಜಿನಿಯರ್, ಮೂಲ ಊರು ಸುರಪುರ

ಸರ್, ನಿಮ್ಮ ಮಾತನ್ನು ತತ್ವವಾಗಿ ಪೂರ್ತಿ ಒಪ್ಪುತ್ತೇನೆ, ಮತ್ತು ಬಾಹ್ಮನಿಯ ಬಗ್ಗೆ ನನಗೆ ಗೌರವವಿದೆ. ಆದರೆ ಅದನ್ನು ಸ್ಥಾಪಿಸಿ, ಹೊಸ ಆವೃತ್ತಿ ಬಂದಾಗ ಏರಿಸಿ, ಕೆಟ್ಟಾಗ ರಾತ್ರಿ ಎದ್ದು ಸರಿಪಡಿಸುವವರು ಊರಿನಲ್ಲಿಯೇ ಇರಬೇಕು. ನಿಮ್ಮ ಬಳಿ ಅಂಥವರಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಇಬ್ಬರೇ ವೈದ್ಯರಿರುವ ಹೊಸ ದವಾಖಾನೆಗೆ ಮೊದಲ ವರ್ಷದಲ್ಲಿ ಆ ಹೊರೆ ಬೇಡವೆಂಬುದು ನನ್ನ ಅಭಿಪ್ರಾಯ.

ಔಷಧ ಅಂಗಡಿ, ಶಹಾಪುರ

ಫಾರ್ಮಸಿಸ್ಟ್ ಆಗಿ ಒಂದೇ ವಿಷಯ ಹೇಳುತ್ತೇನೆ. ಕಂಪ್ಯೂಟರ್ ಚೀಟಿ ಬಂದ ಮೇಲೆ ಅಕ್ಷರ ಓದಲಾಗದ ತಪ್ಪು ಹೋಯಿತು, ಪಟ್ಟಿಯಲ್ಲಿ ಪಕ್ಕದ ಹೆಸರನ್ನು ಒತ್ತುವ ತಪ್ಪು ಬಂದಿತು. ಇಂಗ್ಲಿಷಿನ ಮೊದಲ ಮೂರು ಅಕ್ಷರಗಳನ್ನು ಒತ್ತಿದರೆ ಮೆಟ್‌ಫಾರ್ಮಿನ್, ಮೆಥೊಟ್ರೆಕ್ಸೇಟ್, ಮೆಟೊಪ್ರೊಲಾಲ್, ಮೆಟ್ರೊನಿಡಜೋಲ್ ಎಲ್ಲವೂ ಒಂದರ ಕೆಳಗೊಂದು ಬರುತ್ತವೆ. ಇದರಲ್ಲಿ ಮೆಥೊಟ್ರೆಕ್ಸೇಟನ್ನು ಕೀಲುವಾತಕ್ಕೆ ಕೊಡುವುದು ವಾರಕ್ಕೊಮ್ಮೆ. ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಆ ಔಷಧಕ್ಕೆ 'ದಿನಕ್ಕೊಮ್ಮೆ' ಎಂದು ಹಾಕಿ ನೋಡಿ, ತಂತ್ರಾಂಶ ತಡೆದು ಕೇಳುತ್ತದೆಯೇ ಎಂದು ಪರೀಕ್ಷಿಸಿ. ಪ್ರತಿ ಚೀಟಿಗೂ ಐದು ಎಚ್ಚರಿಕೆ ಕೊಡುವ ತಂತ್ರಾಂಶವೂ ಕೆಲಸಕ್ಕೆ ಬಾರದು, ಏಕೆಂದರೆ ಎರಡು ವಾರದಲ್ಲಿ ವೈದ್ಯರು ಓದದೆಯೇ ಮುಚ್ಚಲು ಕಲಿಯುತ್ತಾರೆ. ಜೆನೆರಿಕ್ ಹೆಸರು ದೊಡ್ಡದಾಗಿ, ಬ್ರ್ಯಾಂಡ್ ಹೆಸರು ಕೆಳಗೆ ಅಚ್ಚಾಗುವಂತೆ ಮಾಡಿಸಿಕೊಳ್ಳಿ.

ಸ್ತ್ರೀರೋಗ ತಜ್ಞೆ, ಕಲಬುರಗಿ (ಪ್ರಶ್ನೆ ಕೇಳಿದವರ ಪತ್ನಿ)

ನನ್ನ ವಿಭಾಗದ ಬಗ್ಗೆ ನಾನೇ ಕೇಳುತ್ತೇನೆ. ಕೊನೆಯ ಮುಟ್ಟಿನ ದಿನದಿಂದ ಹೆರಿಗೆಯ ದಿನವನ್ನು ಎಲ್ಲ ತಂತ್ರಾಂಶಗಳೂ ಲೆಕ್ಕ ಹಾಕುತ್ತವೆ; ನಮ್ಮಲ್ಲಿ ಅನೇಕರು ಆ ದಿನವನ್ನು 'ಎಳ್ಳಮಾವಾಸ್ಯೆಯ ಹಿಂದೆ ಮುಂದೆ' ಎಂದು ಹೇಳುತ್ತಾರೆ, ಆಗ ಮೊದಲ ಸ್ಕ್ಯಾನಿನ ಅಳತೆಯಿಂದ ತಿದ್ದಿ, ತಿದ್ದಿದ್ದನ್ನು ಮುಂದಿನ ಎಲ್ಲ ಭೇಟಿಗಳಲ್ಲೂ ತೋರಿಸಬೇಕು. ಇನ್ನೊಂದು ಪ್ರಶ್ನೆ: ಸೋನೋಗ್ರಫಿಗೆ ತುಂಬುವ ಎಫ್ ಫಾರಂ ತಂತ್ರಾಂಶದಲ್ಲಿಯೇ ಇದ್ದರೆ ಕಾಗದ ಬೇಡವೇ?

ವೈದ್ಯ, ಬೀದರ

ತಾಯಿ, ಕಾಗದ ಬೇಕೇ ಬೇಕು. 1994ರ ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ತಡೆ) ಕಾಯ್ದೆಯಡಿಯ ನಿಯಮಗಳ ಪ್ರಕಾರ ಕಂಪ್ಯೂಟರಿನಲ್ಲಿ ಇಟ್ಟ ದಾಖಲೆಯ ಅಚ್ಚು ಪ್ರತಿಯನ್ನು ತೆಗೆದು, ಜವಾಬ್ದಾರಿ ಹೊತ್ತವರು ದೃಢೀಕರಿಸಿ ಇಡಬೇಕು. ಅವನ್ನು 2 ವರ್ಷ ಕಾಪಾಡಬೇಕು, ಮೊಕದ್ದಮೆ ಇದ್ದರೆ ಅದು ಮುಗಿಯುವವರೆಗೆ. ಪ್ರತಿ ತಿಂಗಳ ವರದಿ ಮುಂದಿನ ತಿಂಗಳ 5ನೆಯ ತಾರೀಖಿನೊಳಗೆ ಹೋಗಬೇಕು. ಒಂದು ಖಾನೆ ಖಾಲಿ ಉಳಿದರೂ ತೊಂದರೆಯಾಗುವುದರಿಂದ, ತುಂಬದ ಖಾನೆಯನ್ನು ಕೆಂಪಾಗಿ ತೋರಿಸುವ ತಂತ್ರಾಂಶ ನಿಮಗೆ ನಿಜವಾದ ನೆರವು.

ಕಾನೂನಿನ ಮಾತು ಬಂದದ್ದರಿಂದ ಇನ್ನೆರಡನ್ನು ಸೇರಿಸುತ್ತೇನೆ. 2002ರ ವೈದ್ಯಕೀಯ ವೃತ್ತಿ ನಡತೆಯ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಇಡಬೇಕು, ರೋಗಿ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ಕಂಪನಿಯೊಡನೆ ಜಗಳವಾಗಿ ಅವರು ಪ್ರವೇಶವನ್ನು ಮುಚ್ಚಿದ ದಿನವೂ ಈ 72 ಗಂಟೆ ನಿಮ್ಮ ಹೊಣೆಯೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿಯೂ ಹಾಗೆಯೇ: ದಾಖಲೆಯನ್ನು ಸಂಸ್ಕರಿಸುವುದು ಕಂಪನಿಯಾದರೂ ಜವಾಬ್ದಾರಿ ರೋಗಿಯಿಂದ ಮಾಹಿತಿ ಪಡೆದ ದವಾಖಾನೆಯದು, ಸುರಕ್ಷತೆಯ ಲೋಪಕ್ಕೆ ದಂಡದ ಮಿತಿ 250 ಕೋಟಿ ರೂಪಾಯಿಯವರೆಗೆ ಇದೆ. ಕಾಗದದಲ್ಲಿ ಬರೆದು ಆಮೇಲೆ ಚಿತ್ರ ತೆಗೆದು ಏರಿಸಿದ ಮಾಹಿತಿಗೂ ಇದು ಅನ್ವಯಿಸುತ್ತದೆ, ಯಾದಗಿರಿಯ ಮೇಡಂ ಗಮನಿಸಬೇಕು. ಹೀಗಾಗಿ ದಾಖಲೆಯ ಒಡೆತನ, ಹಿಂದಿರುಗಿಸುವ ರೂಪ, ಅದಕ್ಕೆ ಬೇಕಾದ ದಿನಗಳು, ಸೋರಿಕೆಯಾದರೆ ತಿಳಿಸುವ ಅವಧಿ ಇವು ಒಪ್ಪಂದದ ಕಾಗದದಲ್ಲಿಯೇ ಇರಬೇಕು. ಪ್ರತಿನಿಧಿಯ ವಾಟ್ಸ್ಆ್ಯಪ್ ಸಂದೇಶವನ್ನು ನೆಚ್ಚಿಕೊಂಡು ಕೂಡಬೇಡಿ.

ಮಕ್ಕಳ ವೈದ್ಯೆ, ಯಾದಗಿರಿ

ಗಮನಿಸಿದೆ, ಸರ್. ನಮ್ಮ ಸಿಬ್ಬಂದಿ ತಮ್ಮ ಸ್ವಂತ ಮೊಬೈಲಿನಿಂದ ಚಿತ್ರ ತೆಗೆಯುತ್ತಿದ್ದರು. ಈ ವಾರವೇ ದವಾಖಾನೆಯ ಸ್ಕ್ಯಾನರ್‌ಗೆ ಬದಲಿಸುತ್ತೇನೆ.

ಪ್ರಶ್ನೆ ಕೇಳಿದವರು: ಜನರಲ್ ಮೆಡಿಸಿನ್ ವೈದ್ಯ, ಕಲಬುರಗಿ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ನಾಲ್ವರನ್ನೂ ಮತ್ತೆ ಕರೆದು ನೀವು ಹೇಳಿದಂತೆ ಪರೀಕ್ಷಿಸಿದೆವು. ಹತ್ತು ಕಲ್ಪಿತ ರೋಗಿಗಳಲ್ಲಿ ಮೂವರಿಗೆ ಬೇಕೆಂದೇ ಶರಣಪ್ಪ ಎಂದು ಹೆಸರಿಟ್ಟು, ಇಬ್ಬರಿಗೆ ಒಂದೇ ಮೊಬೈಲ್ ಸಂಖ್ಯೆ ಕೊಟ್ಟೆವು. ಒಂದು ತಂತ್ರಾಂಶ ಎರಡನೆಯವರನ್ನು ಸೇರಿಸಲು ಬಿಡಲೇ ಇಲ್ಲ. ಒಂದು ಪಿಡಿಎಫ್ ಮಾತ್ರ ಕೊಟ್ಟಿತು. ಉಳಿದ ಎರಡರಲ್ಲಿ ಕೋಷ್ಟಕ ಬಂದಿತು, ಆದರೆ ಒಂದರಲ್ಲಿ ಲ್ಯಾಬ್ ಫಲಿತಾಂಶದ ಅಂಕಿಗಳೇ ಇರಲಿಲ್ಲ. ಕೇಳಿದಾಗ 'ಮುಂದಿನ ಆವೃತ್ತಿಯಲ್ಲಿ' ಎಂದರು. ನಾಲ್ಕನೆಯದನ್ನು ಸ್ನೇಹಿತರ ದವಾಖಾನೆಯಲ್ಲಿ ಒಂದು ಸೋಮವಾರ, ಪಾಳಿ ಹೊರಗಿನ ಗೇಟಿನವರೆಗೆ ಇದ್ದ ಹೊತ್ತಿನಲ್ಲಿ, ಅವರ ಕೌಂಟರಿನವರ ಕೈಯಲ್ಲಿಯೇ ಕೊಟ್ಟು ನೋಡಿದೆವು. ಮೊದಲ ಇಪ್ಪತ್ತು ಜನಕ್ಕೆ ತಡವಾಯಿತು, ಆಮೇಲೆ ಕೈ ಕುದುರಿತು. ಅದರಲ್ಲಿ ಕನ್ನಡ ಅಚ್ಚು ಒಡೆಯುತ್ತಿತ್ತು. ಫಾಂಟ್ ಬದಲಿಸಿ ಸರಿಪಡಿಸಿದ ಮೇಲೆಯೇ ಸಹಿ ಹಾಕುವುದಾಗಿ ಹೇಳಿದೆವು, ಒಂಬತ್ತು ದಿನಗಳಲ್ಲಿ ಸರಿಪಡಿಸಿದರು. ಮೆಥೊಟ್ರೆಕ್ಸೇಟ್ ಪರೀಕ್ಷೆಯಲ್ಲಿಯೂ ಅದು ತಡೆಯಿತು. ಆಭಾ ಜೋಡಣೆಯ ಮೂರನೆಯ ಹಂತ ಅವರಲ್ಲಿ ಇನ್ನೂ ಮುಗಿದಿಲ್ಲ, ಅಷ್ಟು ಕೊರತೆಯನ್ನು ಒಪ್ಪಿಕೊಂಡಿದ್ದೇವೆ.

ಒಪ್ಪಂದವನ್ನು ಮೂರು ವರ್ಷಕ್ಕೆ ಬದಲು ಒಂದೇ ವರ್ಷಕ್ಕೆ ಮಾಡಿಕೊಂಡಿದ್ದೇವೆ. ಪ್ರತಿ ತಿಂಗಳ ಮೊದಲ ಭಾನುವಾರ ಎಲ್ಲ ದಾಖಲೆಯನ್ನು ನಾವೇ ಹೊರತೆಗೆದು, ಗೂಢಲಿಪೀಕರಿಸಿದ ಎರಡು ಡಿಸ್ಕ್‌ಗಳಲ್ಲಿ, ಒಂದನ್ನು ದವಾಖಾನೆಯಲ್ಲಿ, ಒಂದನ್ನು ಮನೆಯಲ್ಲಿ ಇಡುತ್ತೇವೆ. ಎಲ್ಲರಿಗೂ ನಾವಿಬ್ಬರೂ ಋಣಿ. ಅಕ್ಕಾವರೇ, ಆರಂಭದ ವಾರಕ್ಕೆ ಕೌಂಟರಿನಲ್ಲಿ ಇನ್ನೇನಾದರೂ ಸಿದ್ಧತೆ ಬೇಕೇ?

ಸ್ವಾಗತ ವಿಭಾಗದ ಸಿಬ್ಬಂದಿ, ಕಲಬುರಗಿ

ಸರ್, ಒಂದು ಗೆರೆ ಹಾಕಿದ ರಿಜಿಸ್ಟರ್ ಮತ್ತು ಕ್ರಮಸಂಖ್ಯೆ ಅಚ್ಚಾದ ನೂರು ಖಾಲಿ ಚೀಟಿಗಳನ್ನು ಕೌಂಟರಿನ ಡ್ರಾವರಿನಲ್ಲಿ ಇಟ್ಟುಕೊಳ್ಳಿ. ಕರೆಂಟೂ ಇಂಟರ್‌ನೆಟ್ಟೂ ಒಟ್ಟಿಗೆ ಹೋದ ದಿನ ಅದರಲ್ಲಿ ಬರೆದು, ಸಂಜೆ ಅದೇ ಕ್ರಮಸಂಖ್ಯೆಯಿಂದ ಕಂಪ್ಯೂಟರಿಗೆ ಏರಿಸಬಹುದು. ಕೌಂಟರಿನ ಇಬ್ಬರಿಗೂ ಬೇರೆ ಬೇರೆ ಪಾಸ್‌ವರ್ಡ್ ಕೊಡಿ. ಒಂದನ್ನೇ ಇಬ್ಬರೂ ಬಳಸಿದರೆ ಯಾರು ಯಾವ ದಾಖಲೆಯನ್ನು ತಿದ್ದಿದರೆಂಬುದು ನಿಮಗೆ ಎಂದಿಗೂ ತಿಳಿಯುವುದಿಲ್ಲ.